ಸೇತುವೆಯ ಮೇಲಿನ ಮಸಿ

ಭಾವನ ಸುದ್ದಿಯನ್ನು ಬೈಂಡರಣ್ಣನಿಗೆ ಮೊದಲು ಹೇಳಿದ್ದು ಅಂಚೆಯ ಮಸಿ. ಫೋನು ಆಮೇಲೆ ಬಂತು.

ಆ ಬೆಳಿಗ್ಗೆ ಅವನು ತನ್ನ ಅಂಗಡಿಯಲ್ಲಿ ಶಾಲೆಯೊಂದರ ಹಳೆಯ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ. ಮೊಣಕೈವರೆಗೂ ಅಂಟು. ಅಂಚೆಯವನು ಲಕೋಟೆಯೊಂದನ್ನು ಮೇಜಿನ ಅಂಚಿನಲ್ಲಿಟ್ಟು ಹೋದ. ವಿಳಾಸ ಕಂಡ ಕೂಡಲೇ ಬೈಂಡರಣ್ಣನ ಮುಖ ಅರಳಿತು. ಅಕ್ಕನ ಗಂಡನ ಕೈಬರಹ. ಗಾಳಿಗೆ ಬಾಗಿದ ಪೈರಿನ ಹಾಗೆ ಒಂದೇ ಕಡೆಗೆ ವಾಲಿದ ಅಕ್ಷರಗಳು. ಕೈ ಒರೆಸಿಕೊಂಡು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ರೈಲು ಸೇತುವೆಯೊಂದಕ್ಕೆ ನೂರು ವರ್ಷ ತುಂಬಿದ ನೆನಪಿಗಾಗಿ ಸರ್ಕಾರ ಹಿಂದಿನ ದಿನ ಹೊರಡಿಸಿದ್ದ ನೀಲಿ ಅಂಚೆಚೀಟಿ ಅದರ ಮೇಲಿತ್ತು. ಆದರೆ ಸೇತುವೆ ಎಲ್ಲಿ? ಮುದ್ರೆ ಚೀಟಿಯ ನಟ್ಟನಡುವೆ ಬಡಿದು, ಜಾರಿ, ಮಸಿ ಬಳಿದುಕೊಂಡು ಹೋಗಿತ್ತು. ಒಂದು ಕಂಬ ಮಾತ್ರ ಕಾಣುತ್ತಿತ್ತು. ಸಾಲದೆಂಬಂತೆ ಪಕ್ಕದಲ್ಲಿ ಇನ್ನೊಂದು ಅರೆಮುದ್ರೆ.

"ಕತ್ತೆ ಒದ್ದ ಹಾಗಿದೆ," ಎಂದು ಗೊಣಗಿದ.

ಗೊಣಗಿದ ಬಾಯಿ ಹಾಗೆಯೇ ನಿಂತಿತು. ಈ ಮುದ್ರೆ ಒತ್ತಿದ್ದು ಭಾವನ ಕೈಯಲ್ಲ. ಹೊಸ ಚೀಟಿ ಹೊರಡುವ ದಿನ ಭಾವ ಜ್ವರ ಬಂದರೂ ರಜೆ ಹಾಕಿದವರಲ್ಲ; ಮಗಳ ಮದುವೆಯ ಗಡಿಬಿಡಿಯಲ್ಲೂ ಕಚೇರಿಗೆ ಹೋಗಿ ಒಂದು ಮುದ್ರೆ ಒತ್ತಿ ಬಂದಿದ್ದರು. ಹಾಗಿದ್ದಮೇಲೆ ನಿನ್ನೆ ಅವರ ಸ್ಟೂಲಿನ ಮೇಲೆ ಕೂತವರಾರು? ಅವನು ಇದನ್ನೇ ಯೋಚಿಸುತ್ತ ನಿಂತಿದ್ದಾಗ ಪಕ್ಕದ ಔಷಧಿ ಅಂಗಡಿಯವರು ಬಂದು, ನಿಮಗೆ ಫೋನು ಬಂದಿದೆ, ಅಕ್ಕನ ಊರಿನಿಂದ, ಎಂದರು. ಎಂದೂ ಹೆಗಲ ಮೇಲೆ ಕೈಯಿಡದ ಮನುಷ್ಯ ಅಂದು ಇಟ್ಟರು. ಬೈಂಡರಣ್ಣ ಚಪ್ಪಲಿಯನ್ನೂ ಮೆಟ್ಟದೆ ಹೋದ.

*

ಭಾವ ಪಕ್ಕದ ಊರಿನ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಕೆಲಸದವರು. ಹತ್ತು ವರ್ಷದ ಹಿಂದೆ ದೇಶಕ್ಕೇನೋ ದೊಡ್ಡ ಹಬ್ಬದ ವರ್ಷವೆಂದು ಸರ್ಕಾರ ನೆನಪಿನ ಚೀಟಿಗಳನ್ನು ಒಂದರ ಹಿಂದೊಂದು ಹೊರಡಿಸತೊಡಗಿತು. ಆಗ ಭಾವನಿಗೆ ಈ ಹುಚ್ಚು ಹಿಡಿಯಿತು. ನನ್ನ ನೌಕರಿ ಇನ್ನು ಹತ್ತು ವರ್ಷ. ಈ ಹತ್ತು ವರ್ಷದ ಚೀಟಿಗಳಲ್ಲಿ ಒಂದೂ ತಪ್ಪಬಾರದು, ಅದಕ್ಕೊಂದು ಪುಸ್ತಕ ಕಟ್ಟಿಕೊಡು ಎಂದು ಮೈದುನನಿಗೆ ಗಂಟುಬಿದ್ದರು. ಬೈಂಡರಣ್ಣ ಒಳ್ಳೆಯ ದಪ್ಪ ಕಾಗದ ತಂದು, ಗೆರೆ ಎಳೆದು ಚೀಟಿಗೊಂದು ಪುಟ್ಟ ಮನೆ ಮಾಡಿ, ಕೆಂಪು ಬಟ್ಟೆಯ ರಟ್ಟು ಹಾಕಿ ಪುಸ್ತಕ ಕಟ್ಟಿದ. ಇದ್ದದ್ದು ಒಂದೇ ಕಟ್ಟಳೆ: ದುಡಿಯದ ಚೀಟಿಗೆ ಪುಸ್ತಕದಲ್ಲಿ ಜಾಗವಿಲ್ಲ. ಕಾಗದ ಹೊತ್ತುಕೊಂಡು ಊರಿಂದ ಊರಿಗೆ ಹೋಗದ ಚೀಟಿ ಬರೀ ಬಣ್ಣದ ಚೂರು ಎಂದು ಭಾವನ ವಾದ. ಆದ್ದರಿಂದ ಪ್ರತಿ ಹೊಸ ಚೀಟಿಯೂ ಹೊರಟ ದಿನವೇ ಲಕೋಟೆಯೇರಿ, ಭಾವನ ಮುದ್ರೆ ಹೊತ್ತು, ಬೈಂಡರಣ್ಣನ ಅಂಗಡಿಗೆ ಬರುತ್ತಿತ್ತು.

ಲಕೋಟೆಯೊಳಗೆ ಏನಿರುತ್ತಿತ್ತು? ಖಾಲಿ ಹಾಳೆ. ಹತ್ತು ವರ್ಷವೂ ಖಾಲಿ ಹಾಳೆಯೇ. ಒಮ್ಮೆ ಬೈಂಡರಣ್ಣ, ಎರಡು ಸಾಲು ಗೀಚಬಾರದೇ ಭಾವ ಎಂದು ಕೇಳಿದ್ದಕ್ಕೆ ಅವರು ಅಕ್ಕನ ಕಡೆ ಓರೆಗಣ್ಣು ಹಾಯಿಸಿ, "ಮಾತೆಲ್ಲ ನಿಮ್ಮಕ್ಕನ ಹತ್ರಾನೇ ಖರ್ಚಾಗಿಹೋಗುತ್ತೆ ಕಣೋ, ಕಾಗದಕ್ಕೆ ಏನೂ ಮಿಗೋದಿಲ್ಲ," ಎಂದಿದ್ದರು. ಅಕ್ಕ ಕೂತಲ್ಲಿಂದಲೇ, ಖರ್ಚು ಮಾಡೋಕೆ ಮೊದಲು ಗಂಟಿನಲ್ಲಿ ಏನಾದರೂ ಇರಬೇಕಲ್ಲ ಎಂದು ತಿರುಗೇಟು ಕೊಟ್ಟಿದ್ದಳು.

ಭಾವನ ಮುದ್ರೆಯೇ ಮುದ್ರೆ. ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಚೀಟಿಯ ಮೂಲೆಯನ್ನು ಮುಟ್ಟಿಯೂ ಮುಟ್ಟದಂತೆ ಒತ್ತುತ್ತಿದ್ದರು. ತಾರೀಖು ಸ್ಪಷ್ಟ, ಊರು ಸ್ಪಷ್ಟ, ಚಿತ್ರಕ್ಕೆ ಎಳ್ಳಷ್ಟೂ ಕಲೆಯಿಲ್ಲ. ಗಣ್ಯರ ಚಿತ್ರವಿದ್ದ ಚೀಟಿಯಾದರೆ ಇನ್ನೂ ಎಚ್ಚರ. ದೊಡ್ಡವರ ಮುಖಕ್ಕೆ ಮಸಿ ಬಳಿದ ಪಾಪ ನನಗೇಕೆ, ಅದಕ್ಕೆ ಬೇರೆ ಜನ ಇದ್ದಾರೆ ಎನ್ನುತ್ತಿದ್ದರು.

ಎರಡು ಮೂರು ತಿಂಗಳಿಗೊಮ್ಮೆ ಅಕ್ಕ ಭಾವ ಬಂದರೆಂದರೆ ಆ ಸಂಜೆ ಚೀಟಿಗಳ ಸ್ನಾನ. ಬೈಂಡರಣ್ಣ ಕೂಡಿಟ್ಟ ಲಕೋಟೆಗಳ ಮೂಲೆ ಕತ್ತರಿಸಿ ಅಗಲವಾದ ಬೋಗುಣಿಯ ನೀರಿನಲ್ಲಿ ಬಿಡುತ್ತಿದ್ದರು. ಇಬ್ಬರೂ ಮಕ್ಕಳ ಹಾಗೆ ಮೊಣಕಾಲೂರಿ ಕಾಯುತ್ತ ಕೂರುವುದು. ಅಂಟು ಕರಗಿ ಚೀಟಿ ತಾನಾಗಿ ಜಾರಿ ಮೇಲೆ ತೇಲಬೇಕು. ಅವಸರಪಟ್ಟು ಎಳೆದರೆ ಹರಿದೇಹೋಗುತ್ತದೆ. ದೀಪಸ್ತಂಭ ತೇಲಿಬಂತು, ಹೊಗೆಬಂಡಿ ಬಂತು, ಉದ್ದ ಕೊಕ್ಕಿನ ನೀರುಹಕ್ಕಿ ಬಂತು, ಮೀಸೆಯ ವಿಜ್ಞಾನಿ ಬಂದ ಎಂದು ಭಾವ ಒಬ್ಬೊಬ್ಬರನ್ನೇ ಮದುವೆಮನೆಯ ಬಾಗಿಲಲ್ಲಿ ನಿಂತು ಬರಮಾಡಿಕೊಂಡಂತೆ ಬರಮಾಡಿಕೊಳ್ಳುತ್ತಿದ್ದರು. ಆಮೇಲೆ ಚೀಟಿಗಳನ್ನು ಮಗುಚಿ ನೀರು ಹೀರುವ ಒತ್ತುಕಾಗದದ ಮೇಲೆ ಹರಡಿ, ಮೇಲೊಂದು ಭಾರದ ಪುಸ್ತಕವಿಟ್ಟು ಊಟಕ್ಕೇಳುತ್ತಿದ್ದರು. ಅಕ್ಕ ಬೋಗುಣಿ ತೊಳೆಯುತ್ತ, ಈ ಮನೆಯಲ್ಲಿ ಮನುಷ್ಯರ ಪಾತ್ರೆಗಿಂತ ಚೀಟಿಗಳ ಪಾತ್ರೆ ದೊಡ್ಡದು ಎಂದು ಪ್ರತಿಸಲವೂ ಹೇಳುತ್ತಿದ್ದಳು. ಪ್ರತಿಸಲವೂ ಅವರಿಬ್ಬರೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಹತ್ತು ವರ್ಷ ನೀರಿನ ಹಾಗೆ ಹರಿದುಹೋದವು. ಪುಸ್ತಕದ ಕೊನೆಯ ಪುಟದಲ್ಲಿ ಒಂದೇ ಮನೆ ಖಾಲಿ ಉಳಿದಿತ್ತು, ಸೇತುವೆಯದು. ಆ ತಿಂಗಳ ಕೊನೆಗೆ ಭಾವನ ನಿವೃತ್ತಿ.

*

ದಹನ ಮುಗಿಯಿತು, ಬಂದ ಜನ ಹೋದರು. ಅಕ್ಕ ಹೆಚ್ಚು ಅಳಲಿಲ್ಲ. ಮೂರು ದಿನ ಕಳೆದಮೇಲೆ ಬೀರು ತೆಗೆದು, ಮಡಿಸಿದ ಕಾಗದವೊಂದನ್ನು ತಮ್ಮನ ಕೈಗಿಟ್ಟಳು. ಒಳಗೆ ಸೇತುವೆಯ ಚೀಟಿ, ಮಸಿ ತಾಕದ್ದು. ಭಾವ ಯಾವಾಗಲೂ ಎರಡು ಕೊಳ್ಳುತ್ತಿದ್ದರು. ದಾರಿಯಲ್ಲಿ ಒಂದು ಕಳೆದುಹೋದರೆ ಇನ್ನೊಂದಿರಲಿ ಎಂದು.

"ಪುಸ್ತಕ ಪೂರ್ತಿ ಮಾಡಿಬಿಡೋ," ಎಂದಳು. "ರಿಟೈರ್ ಆದ ಮಾರನೇ ದಿನ ಮೊದಲ ಪುಟದಿಂದ ನೋಡ್ತಾ ಕೂತ್ಕೋತೀನಿ, ನನ್ನನ್ನ ಎಬ್ಬಿಸಬೇಡ ಅಂದಿದ್ರು. ಅವರು ಒತ್ತಿದ ಹಾಗೇ ಇರಬೇಕು. ಅರ್ಧಕ್ಕೆ ನಿಂತರೆ ನನಗೆ ನಿದ್ದೆ ಬರಲ್ಲ."

ಬೈಂಡರಣ್ಣ ಆಗಲಿ ಎಂದ. ಮಸಿ ಬಳಿದ ಲಕೋಟೆ ತನ್ನ ಚೀಲದಲ್ಲಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಅದನ್ನು ಎರಡು ರಟ್ಟುಗಳ ನಡುವೆ ಇಟ್ಟು ತಂದಿದ್ದ. ಆ ಕೊಳಕನ್ನು ಅವಳಿಗೆ ತೋರಿಸುವುದು ಹೇಗೆ? ಭಾವ ಹತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ ಪುಸ್ತಕ ಹೀಗೆ ಮಸಿ ಬಳಿದುಕೊಂಡು ಮುಗಿಯುವುದೇ? ದುಡಿಯದ ಚೀಟಿಯನ್ನು ಅಂಟಿಸಿದರೆ ಕಟ್ಟಳೆ ಮುರಿಯುತ್ತದೆ. ದುಡಿದದ್ದನ್ನು ಅಂಟಿಸಿದರೆ ಅಕ್ಕನ ಮನಸ್ಸು ಮುರಿಯುತ್ತದೆ. ಅಲ್ಲಿ ಮುದ್ರೆ ಒತ್ತಿಸಬಹುದೇನೋ ಎಂದು ಅವನು ಹೊಸ ಚೀಟಿಯನ್ನು ಜೇಬಿಗಿಟ್ಟುಕೊಂಡು ಅಂಚೆ ಕಚೇರಿಗೆ ನಡೆದ. ಆ ಲಕೋಟೆಯನ್ನು ಹಾಳುಗೆಡವಿದ ಕತ್ತೆ ಯಾವುದೆಂದು ಒಂದು ಮಾತು ಕೇಳದೆ ಬರುವುದಿಲ್ಲ ಎಂಬ ಸಿಟ್ಟೂ ಇತ್ತು.

ಕಚೇರಿಯ ಒಳಕೋಣೆಯಲ್ಲಿ ಅರಗಿನ ವಾಸನೆ, ಗೋಣಿಚೀಲದ ವಾಸನೆ. ಭಾವನ ಸ್ಟೂಲು ಖಾಲಿ ಇತ್ತು. ಎದುರು ಮೇಜಿನಲ್ಲಿ ಕಾಗದ ವಿಂಗಡಿಸುವ ನಡುವಯಸ್ಸಿನ ಹೆಂಗಸು ಎದ್ದು ನಿಂತಳು. ಭಾವ ಅವಳನ್ನು ತಂಗ್ಯಮ್ಮ ಎಂದು ಕರೆಯುತ್ತಿದ್ದರು. ಹಾಗೆಯೇ ಇಡೀ ಕಚೇರಿಗೆ ಅವಳು ತಂಗ್ಯಮ್ಮನಾಗಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಅಣ್ಣಾ, ಆ ಲಕೋಟೆ ನಿಮಗೆ ಬಂತಾ?"

"ಬಂತು."

"ಅದನ್ನ ಹಾಳು ಮಾಡಿದ್ದು ನಾನೇ."

ಅವಳು ಕೂತು ಹೇಳಿದಳು. ಅಂದು ಬೆಳಿಗ್ಗೆ ಭಾವ ನಗುನಗುತ್ತಲೇ ಬಂದಿದ್ದರಂತೆ. ಇದೇ ಕೊನೆಯದು, ಇದಾದಮೇಲೆ ನನ್ನ ಕೈಗೆ ರಜೆ ಎಂದು ಹೇಳಿ, ತಮ್ಮ ಲಕೋಟೆಯನ್ನು ಕಾಗದಗಳ ಕಟ್ಟಿನ ಮೇಲೆಯೇ ಇಟ್ಟುಕೊಂಡು, ಮುದ್ರೆಗೆ ಮಸಿ ತಾಕಿಸಿದರಂತೆ. ಅಷ್ಟರಲ್ಲಿ ಎದೆ ಹಿಡಿದುಕೊಂಡಿತು. ಮುದ್ರೆ ಕೈಯಲ್ಲಿರುವಂತೆಯೇ ಸ್ಟೂಲಿನಿಂದ ಜಾರಿದರು. ನಾಲ್ಕು ಜನ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಹೊರಗೆ ಟಪಾಲು ಗಾಡಿ ಹಾರ್ನು ಹೊಡೆಯುತ್ತಿತ್ತು, ಚೀಲ ಕಟ್ಟಲೇಬೇಕಿತ್ತು.

"ಹೊರಟ ಕಾಗದವನ್ನ ತಡೀಬಾರದು ಅಂತ ಅವರೇ ಹೇಳ್ತಿದ್ರು. ನೆಲದ ಮೇಲೆ ಬಿದ್ದಿದ್ದ ಮುದ್ರೆ ತಗೊಂಡೆ. ಮೇಲ್ಗಡೇನೇ ಅವರ ಲಕೋಟೆ. ಮೊದಲನೇ ಏಟು ಜಾರಿತು. ಎರಡನೇದು ಹೊಡೆಯೋವಾಗ ಕಣ್ಣು ಕಾಣಿಸ್ತಿರಲಿಲ್ಲ ಅಣ್ಣಾ."

ಆ ಗಾಬರಿಯಲ್ಲಿ ಬೈಂಡರಣ್ಣನಿಗೆ ಫೋನು ಮಾಡಲು ಯಾರಿಗೂ ಹೊಳೆದಿರಲಿಲ್ಲ. ಮಾರನೆಯ ದಿನ ಆಸ್ಪತ್ರೆಯಲ್ಲಿ ಭಾವ ತೀರಿಕೊಂಡಾಗ ಆ ಲಕೋಟೆ ದಾರಿ ಮುಗಿಸಿ ಬೈಂಡರಣ್ಣನ ಮೇಜು ಮುಟ್ಟಿತ್ತು. ಅವನು ನಾಲಗೆಯ ತುದಿಯಲ್ಲಿ ತಂದಿದ್ದ ಮಾತನ್ನು ನುಂಗಿಕೊಂಡ. ಅಂಗಡಿಯಲ್ಲಿ ಕತ್ತೆ ಎಂದು ಗೊಣಗಿದ್ದಕ್ಕೂ ಈಗ ನಾಚಿಕೆಯಾಯಿತು.

ಜೇಬಿನಿಂದ ಅವನು ತೆಗೆದ ಹೊಸ ಚೀಟಿಯನ್ನು ನೋಡಿ ತಂಗ್ಯಮ್ಮನ ಮುಖದಲ್ಲಿ ಜೀವ ಬಂತು. ಮುದ್ರೆಯ ಹೊಟ್ಟೆಯಲ್ಲಿ ತಾರೀಖಿನ ಅಚ್ಚುಗಳಿರುತ್ತವೆ. ದಿನ ಬೆಳಗಾದರೆ ಅವನ್ನು ಬದಲಿಸಬೇಕು. ಅವಳು ಸರಸರನೆ ಅಚ್ಚು ತೆಗೆದು ಸೇತುವೆಯ ಚೀಟಿ ಹೊರಟ ದಿನದ ಅಚ್ಚು ಜೋಡಿಸಿದಳು.

"ಆ ದಿನದ್ದೇ ತಾರೀಖು ಹಾಕ್ತೀನಿ. ಅವರು ಒತ್ತೋ ಹಾಗೇ, ಮೂಲೆಗೆ. ಇಷ್ಟು ವರ್ಷ ಎದುರಿಗೆ ಕೂತು ನೋಡಿದ್ದೀನಿ. ಯಾರಿಗೂ ಗೊತ್ತಾಗಲ್ಲ."

ಬೈಂಡರಣ್ಣ ಚೀಟಿಯನ್ನು ಮೇಜಿನ ಮೇಲಿಟ್ಟ. ಒಂದು ಒತ್ತು ಸಾಕು. ಪುಸ್ತಕ ಅಂದವಾಗಿ ಮುಗಿಯುತ್ತದೆ, ಅಕ್ಕನಿಗೆ ನಿದ್ದೆ ಬರುತ್ತದೆ, ಈ ಹೆಂಗಸಿನ ಎದೆಯ ಭಾರವೂ ಇಳಿಯುತ್ತದೆ. ತಂಗ್ಯಮ್ಮ ಮುದ್ರೆಯನ್ನು ಮಸಿಗೆ ತಾಕಿಸಿ ಎತ್ತಿದಳು. ಆ ಕೈ ಇನ್ನೂ ಸಣ್ಣಗೆ ನಡುಗುತ್ತಿದ್ದುದನ್ನು ಅವನು ಕಂಡ. ಚೀಟಿಯ ಮೇಲೆ ತನ್ನ ಅಂಗೈ ಮುಚ್ಚಿದ.

"ಬೇಡಮ್ಮ," ಎಂದ. "ಆ ದಿನ ಚೆನ್ನಾಗಿತ್ತು ಅಂತ ಸುಳ್ಳು ಹೇಳಿದ ಹಾಗಾಗುತ್ತೆ. ಅವರ ಕಾಗದವನ್ನ ನೀವು ಕಳಿಸಿದ್ರಿ, ಅದು ಬಂತು. ಅದೇ ಇರಲಿ. ಈ ಚೀಟಿ ನಿಮ್ಮ ಹತ್ರ ಇಟ್ಕೊಳ್ಳಿ."

ಅವಳು ಬೇಡವೆನ್ನಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅಚ್ಚುಗಳನ್ನು ಮತ್ತೆ ಇಂದಿನ ತಾರೀಖಿಗೆ ತಂದಳು.

*

ದಾರಿಯುದ್ದಕ್ಕೂ ಅವನಿಗಿದ್ದ ಧೈರ್ಯ ಅಕ್ಕನ ಹೊಸ್ತಿಲಲ್ಲಿ ಕರಗಿತು. ಆದರೂ ಚೀಲದಿಂದ ಲಕೋಟೆ ತೆಗೆದು ಅವಳ ಮುಂದಿಟ್ಟ. ನಡೆದದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಇದು ಚೆಂದವಿಲ್ಲ, ಆದರೆ ಇದೇ ನಿಜ, ನೀನು ಬೇಡವೆಂದರೆ ಆ ಮನೆಯನ್ನು ಖಾಲಿ ಬಿಡುತ್ತೇನೆ ಎಂದ.

ಅಕ್ಕ ಚೀಟಿಯ ಕಡೆ ನೋಡಲೇ ಇಲ್ಲ. ಅವಳ ಬೆರಳು ವಿಳಾಸದ ಮೇಲೆ ಹರಿಯಿತು, ಮೊದಲ ಸಾಲು, ಎರಡನೆಯ ಸಾಲು, ಊರಿನ ಹೆಸರು. ಪುನಃ ಮೊದಲಿನಿಂದ.

"ಅವರ ಅಕ್ಷರ," ಎಂದಳು. "ಇಂಥವು ಎಷ್ಟು ಬಂದಿದ್ವೋ ನಿನಗೆ?"

"ಚೀಟಿಗೊಂದು ಬರ್ತಿತ್ತಕ್ಕಾ."

"ಎಲ್ಲಿವೆ ಈಗ?"

ಚೀಟಿಯ ಮೂಲೆ ಕತ್ತರಿಸಿಕೊಂಡ ಮೇಲೆ ಉಳಿದ ಲಕೋಟೆಗಳು ಅಂಗಡಿಯಲ್ಲಿ ಅಂಟಿನ ಹದ ನೋಡುವುದಕ್ಕೆ, ಕೈ ಒರೆಸುವುದಕ್ಕೆ, ಒಲೆ ಹೊತ್ತಿಸುವುದಕ್ಕೆ ಹೋಗಿದ್ದವು. ಹತ್ತು ವರ್ಷ, ಭಾವ ಕೂತು ಬರೆದ ಒಂದೊಂದು ವಿಳಾಸವೂ. ಎಷ್ಟೋ ಸಲ ಭಾವನೇ ಅವನ್ನು ಮುದುಡಿ ಎಸೆದಿದ್ದರು. ಈಗ ಭೂಮಿಯ ಮೇಲೆ ಉಳಿದದ್ದು ಇದೊಂದು. ಮಸಿಯಾಗಿದೆಯೆಂದು ಯಾರೂ ಕತ್ತರಿ ಮುಟ್ಟಿಸದೆ ಬಿಟ್ಟದ್ದು.

ಹೇಳಲೇಬೇಕಾಯಿತು. ಅಕ್ಕ ಕೇಳಿಸಿಕೊಂಡಳು. ಆಮೇಲೆ, ಆ ದಿನಗಳಲ್ಲಿ ಮೊದಲ ಬಾರಿಗೆ, ಅವಳ ತುಟಿಯಂಚು ಅಲುಗಿತು.

"ಹಣ್ಣು ಬಿಸಾಕಿ ಸಿಪ್ಪೆ ಜೋಪಾನ ಮಾಡಿದ್ರಲ್ಲೋ ಇಬ್ಬರೂ," ಎಂದಳು. ನಗು ಅಳುವಾಯಿತು, ಅಳು ನಿಲ್ಲದಾಯಿತು. ತಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ. ಬಹಳ ಹೊತ್ತಿನ ಮೇಲೆ ಅವಳು, "ಇದನ್ನ ನೀರಿಗೆ ಹಾಕಬೇಡ. ಇಡೀದಾಗೇ ಪುಸ್ತಕದಲ್ಲಿ ಇಡು," ಎಂದಳು.

ಚೀಟಿಗೆಂದು ಮಾಡಿದ ಪುಟ್ಟ ಮನೆಯಲ್ಲಿ ಇಡೀ ಲಕೋಟೆ ಎಲ್ಲಿ ಹಿಡಿಸಬೇಕು? ಬೈಂಡರಣ್ಣ ಅಂಗಡಿಗೆ ಹಿಂದಿರುಗಿ, ತಾನೇ ಕಟ್ಟಿದ ಪುಸ್ತಕದ ಬೆನ್ನು ಬಿಚ್ಚಿದ. ಹಳೆಯ ದಾರ ಕತ್ತರಿಸಿ, ಮಡಿಸಿಡಬಹುದಾದ ಅಗಲದ ಹಾಳೆಯೊಂದನ್ನು ಕೊನೆಗೆ ಸೇರಿಸಿ ಮತ್ತೆ ಹೊಲಿದ. ಪುಸ್ತಕ ಮೊದಲಿನಷ್ಟು ಒಪ್ಪವಾಗಿ ಮುಚ್ಚಿಕೊಳ್ಳಲಿಲ್ಲ. ಒಂದು ಕಡೆ ಉಬ್ಬಿತು. ಇರಲಿ ಎಂದುಕೊಂಡ. ಲಕೋಟೆಯ ನಾಲ್ಕು ಮೂಲೆಗೂ ಕಾಗದದ ಹಿಡಿಕೆ ಕೂಡಿಸಿ, ಅಂಟು ಸೋಕದಂತೆ ಅದನ್ನು ಒಳಗೆ ಸೇರಿಸಿದ. ಪುಸ್ತಕವನ್ನು ಪ್ರೆಸ್ಸಿನ ಹಲಗೆಗಳ ನಡುವೆ ಇಟ್ಟು ತಿರುಪು ಬಿಗಿದು, ಕೈ ತೊಳೆದು ಬಂದು, ಅದರ ಮುಂದೆಯೇ ಕಣ್ಣು ಮುಚ್ಚಿ ನಿಂತ.

ತಂದೆಯೇ, ಜಗತ್ತನ್ನು ಕಾಯುವವನೇ, ನನ್ನ ಭಾವನನ್ನು ನಿನ್ನ ಮಡಿಲಿಗೆ ಕರೆದುಕೊಂಡಿದ್ದೀಯೆ. ಯಾರ ಮುಖವನ್ನೂ ಕೆಡಿಸದ ಕೈ ಅವರದು. ತಿಳಿದೋ ತಿಳಿಯದೆಯೋ ಅವರಿಂದ ತಪ್ಪಾಗಿದ್ದರೆ ಮನ್ನಿಸು. ಅಕ್ಕನ ರಾತ್ರಿಗಳನ್ನು ಹಗುರ ಮಾಡು. ಕಚೇರಿಯಲ್ಲಿ ನಡುಗುತ್ತಿರುವ ಆ ಕೈಗೂ ನೆಮ್ಮದಿ ಕೊಡು. ದುಡಿದು ದಣಿದ ಭಾವನ ಜೀವಕ್ಕೆ ನಿನ್ನಲ್ಲಿ ಶಾಂತಿ ಸಿಗಲಿ, ಸ್ವಾಮೀ, ಶಾಂತಿ ಸಿಗಲಿ.