ವಿಮೆಯ ಕೆಲಸ ಅವಳದು

ನನ್ನ ಹೆಂಡತಿಯ ಅಣ್ಣ ಸಾಯುವ ಮುನ್ನ ತನ್ನ ಒಬ್ಬಳೇ ಮಗಳಿಗಾಗಿ ಒಂದು ಟ್ರಸ್ಟ್ ಮಾಡಿ, ತನ್ನ ಬಟ್ಟೆ ಗೋದಾಮನ್ನು ಅದಕ್ಕೆ ಬರೆದಿಟ್ಟ. ಟ್ರಸ್ಟಿಗಳು ನಾವಿಬ್ಬರೇ, ಗಂಡ ಹೆಂಡತಿ. ತಿಂಗಳ ಮೊದಲ ಭಾನುವಾರ ಪ್ರಾರ್ಥನೆ ಮುಗಿಸಿ ಊಟದ ಮೇಜಿನ ಮುಂದೆಯೇ ಸಭೆ. ನಡಾವಳಿ ಬರೆಯುವವಳು ಅವಳು.

"ಅಧ್ಯಕ್ಷರು ತೂಕಡಿಸ್ತಿದ್ರು ಅಂತಾನೂ ಬರೀಲಾ?" ಎಂದು ನಗುತ್ತಿದ್ದಳು.

ಗೋದಾಮಿನ ವಿಮೆಯ ಕೆಲಸ ಅವಳದು. ಕಾಯಿಲೆ ಬಿದ್ದು ಅವಳ ಕೈ ನಡುಗತೊಡಗಿದಾಗ ನಡಾವಳಿ ಪುಸ್ತಕವನ್ನು ನಾನು ಬರೆದೆ. ಆದರೂ 'ವಿಮೆ: ಅವಳು ನೋಡಿಕೊಳ್ಳುವಳು' ಎಂಬ ಸಾಲನ್ನು ತಿಂಗಳು ತಿಂಗಳೂ ಹಾಗೆಯೇ ಉಳಿಸಿದೆ. ಆ ಕೆಲಸವನ್ನು ಕಿತ್ತುಕೊಂಡರೆ ನಿನ್ನ ಕಾಲ ಮುಗಿಯಿತು ಎಂದು ನಾನೇ ಹೇಳಿದಂತಾಗುತ್ತಿತ್ತು. ವಿಮೆ ನವೀಕರಣದ ಕಾಗದ, ಹಣ ಕಟ್ಟದೆ, ಅವಳ ದಿಂಬಿನ ಕೆಳಗಿತ್ತು. ಹಾಸಿಗೆ ಬದಲಿಸುವಾಗ ಕಂಡೆ. ಓದಿ, ಮಡಚಿ, ಅಲ್ಲಿಯೇ ಇಟ್ಟೆ.

ಅವಳು ತೀರಿಕೊಂಡ ಮೂರನೆಯ ವಾರ ಗೋದಾಮು ಸುಟ್ಟು ಬೂದಿಯಾಯಿತು. ವಿಮೆ ಇರಲಿಲ್ಲ. ನಮ್ಮ ಮನೆಯಲ್ಲೇ ಬೆಳೆದ ಆ ಅಣ್ಣನ ಮಗಳು ನನ್ನ ಮೇಲೆ ದಾವೆ ಹೂಡಿದಳು. ತಪ್ಪೆನ್ನಲಾರೆ, ಅವಳಿಗಿದ್ದದ್ದು ಅದೊಂದೇ.

"ನಡಾವಳಿ ನಿಮ್ಮ ಕಡೆಗಿದೆ, ಯಜಮಾನ್ರೇ," ಎಂದರು ನನ್ನ ವಕೀಲರು. "ವಿಮೆ ಅಮ್ಮನವರ ಜವಾಬ್ದಾರಿ, ನಂಗೆ ಗೊತ್ತಿರಲಿಲ್ಲ ಅನ್ನಿ. ಬಿಡಿಸೋಕೆ ನೋಡ್ತೀನಿ. ಗೊತ್ತಿತ್ತು ಅಂದ್ರೋ, ನಷ್ಟ ಟ್ರಸ್ಟಿಯ ಸ್ವಂತ ಆಸ್ತಿಗೇ ಬರುತ್ತೆ. ನಿಮ್ಮ ಮನೆ ಹೋಗುತ್ತೆ."

"ಗೊತ್ತಿತ್ತಲ್ಲಪ್ಪ."

"ದೇವರ ಹತ್ರ ಹೇಳೋದನ್ನ ದೇವರ ಹತ್ರ ಹೇಳ್ಕೊಳ್ಳಿ. ಕೋರ್ಟಲ್ಲಿ ಕೇಳಿದಷ್ಟಕ್ಕೆ ಬಾಯಿ ಬಿಡಿ, ಸಾಕು."

ದೇವರ ಹತ್ತಿರವೂ ಹೇಳಿಕೊಂಡೆ. ಎದುರಿನ ಅವಳ ಕುರ್ಚಿ ಖಾಲಿ ಇತ್ತು. ಮನೆ ಉಳಿಯಬೇಕಾದರೆ ಅವಳು ಹೊಣೆಗೇಡಿ ಎನಿಸಿಕೊಳ್ಳಬೇಕು. ಉಳಿದ ಮನೆಯಲ್ಲಿ ಆಮೇಲೆ ಯಾರ ಮುಖ ನೋಡಿಕೊಂಡು ಇರಲಿ?

ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿಬಿಟ್ಟೆ: "ಕಾಗದ ನಾನು ನೋಡಿದ್ದೆ. ಅವಳ ಕೈಲಿ ಆಗಲ್ಲ ಅಂತಾನೂ ಗೊತ್ತಿತ್ತು. ತಪ್ಪು ನನ್ನದು." ವಕೀಲರು ಕಡತ ಮುಚ್ಚಿ ಕೂತರು.

ಹೊರಗಿನ ಪಡಸಾಲೆಯಲ್ಲಿ ಹುಡುಗಿ ಹತ್ತಿರ ಬಂದಳು.

"ಮಾವ," ಎಂದಳು. ವರ್ಷದಿಂದ ಹಾಗೆ ಕರೆದಿರಲಿಲ್ಲ. "ನೀವು ಕಾಗದ ನೋಡಿದ್ದು ಅತ್ತೆಗೆ ಗೊತ್ತಾಯ್ತಾ?"

"ಇಲ್ಲ ಕಣಮ್ಮ."

"ಅತ್ತೆ ಕೊನೇವರೆಗೂ ತಾನೇ ನೋಡ್ಕೋತಿದೀನಿ ಅಂದ್ಕೊಂಡಿದ್ರಾ?"

"ಹೂಂ."

ಅಂಗೈಯಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು.

ತೀರ್ಪು ವಕೀಲರು ಹೇಳಿದಂತೆಯೇ ಬಂತು. ಮನೆ ಈಗ ಟ್ರಸ್ಟಿನದು. ತಿಂಗಳೊಳಗೆ ನಾನು ಬಿಡಬೇಕು. ಹೊಸ ಟ್ರಸ್ಟಿ ಬರುವವರೆಗೆ ಪುಸ್ತಕ ಮಾತ್ರ ನನ್ನ ಬಳಿಯೇ.

ಮೊದಲ ಭಾನುವಾರ ಪ್ರಾರ್ಥನೆ ಮುಗಿಸಿ ಮೇಜಿಗೆ ಕೂತೆ. 'ಹಾಜರು: ಒಬ್ಬರು' ಎಂದು ಬರೆದೆ. ಅದರ ಕೆಳಗೆ, 'ಈ ಮನೆಯ ವಿಮೆ: ನಾನು ನೋಡಿಕೊಳ್ಳುವೆನು.' ಸಹಿ ಹಾಕಿ, ಅವಳು ಸಹಿ ಮಾಡುತ್ತಿದ್ದ ಜಾಗವನ್ನು ಬಿಟ್ಟು, ಪುಸ್ತಕ ಮುಚ್ಚಿದೆ. ನಾಳೆ ಬೆಳಿಗ್ಗೆಯೇ ವಿಮೆ ಕಚೇರಿಗೆ ಹೋಗಬೇಕು.