ಪೂಜೆಯಾಗದ ಕಂಪ್ಯೂಟರ್

ಆಯುಧಪೂಜೆಯ ದಿನ ದೊಡ್ಡಪ್ಪ ಮುರುಗೇಂದ್ರಪ್ಪನವರು ಕಾಯಿ ಒಡೆದ ರಭಸಕ್ಕೆ, ಅದರ ನೀರೆಲ್ಲ ಲಾರಿಗಳ ತೂಕ ತೋರಿಸುವ ಕಂಪ್ಯೂಟರಿನೊಳಗೆ ಇಳಿಯಿತು. ಚಟ್ ಅಂದದ್ದೇ ತಡ, ಪರದೆ ಕಪ್ಪಾಯಿತು. ಚಳ್ಳಕೆರೆಯ ಅವರ ಎಣ್ಣೆ ಮಿಲ್ಲಿನ ಗೇಟಿನಲ್ಲಿ ಮೊಳಕಾಲ್ಮೂರು ಕಡೆಯ ಶೇಂಗಾ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

“ನಿನ್ನ ಬಿಟ್ಟಿ ಸಿಸ್ಟಂ ಕೈ ಕೊಡ್ತು ನೋಡಲೇ! ಎಲ್ಲರಂಗೆ ವಿಂಡೋಸ್ ಹಾಕು ಅಂದ್ರೆ ಕೇಳ್ಲಿಲ್ಲ,” ಎಂದು ದೊಡ್ಡಪ್ಪ ಗದರಿದರು.

ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ತಮ್ಮನ ಮಗ ವೀರೇಶನಿಗೆ ಮೈಯೆಲ್ಲ ಉರಿಯಿತು. ನೀರು ಸುರಿದವರು ಯಾರು, ಬೈಸಿಕೊಳ್ಳುವವರು ಯಾರು! ಹಲ್ಲು ಕಚ್ಚಿಕೊಂಡು ಸಿಸ್ಟಂ ಇದ್ದ ಡಿಸ್ಕ್ ಬಿಚ್ಚಿ ಒರೆಸಿದ. ಗುಜರಿಗೆಂದು ಗೋಣಿಚೀಲದಡಿ ಬಿಸಾಕಿದ್ದ, ಪೂಜೆಗೂ ಬೇಡವಾಗಿದ್ದ ಹಳೇ ಕಂಪ್ಯೂಟರಿಗೆ ಅದನ್ನು ಜೋಡಿಸಿದ. ಇದರ ಒಳಗಿನ ಭಾಗಗಳೇ ಬೇರೆ. ನೆಟ್‌ಬಿಎಸ್‌ಡಿ ಎಂಬ ಈ ಬಿಟ್ಟಿ ಸಿಸ್ಟಂ ಎಂಥ ಯಂತ್ರಕ್ಕೂ ಒಗ್ಗುತ್ತದೆ ಎಂದು ಊರ ತುಂಬ ಕೊಚ್ಚಿಕೊಂಡವನು ತಾನೇ; ಇನ್ನು ಹಿಂದೆ ಸರಿಯುವಂತಿಲ್ಲ ಎಂದು ಸ್ವಿಚ್ ಒತ್ತಿದ.

ಪರದೆ ಕಪ್ಪಾಗಿಯೇ ಇತ್ತು. ಹೊರಗೆ ಹಾರ್ನ್ ಜೋರಾಯಿತು. ಆಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಇಳಿದವು. ಹೊಸ ಮನೆಯ ಒಂದೊಂದೇ ಕೋಣೆಯನ್ನು ತಡವಿ ನೋಡುವವರಂತೆ, ಸಿಸ್ಟಂ ಒಂದೊಂದೇ ಭಾಗದ ಗುರುತು ಹಿಡಿಯಿತು. ಕೊನೆಗೆ ಮೊದಲ ಲಾರಿಯ ತೂಕ ಮೂಡಿತು.

ದೊಡ್ಡಪ್ಪನ ಮುಖ ಅರಳಿತು. “ನಿಜವಾದ ಆಯುಧ ಇದು ಕಣಲೇ!” ಎಂದವರೇ ಇನ್ನೊಂದು ಕಾಯಿ ಎತ್ತಿಕೊಂಡರು.

ವೀರೇಶ ಓಡಿ ಕಂಪ್ಯೂಟರನ್ನು ತಬ್ಬಿಕೊಂಡ.

“ಒಡೆಯೋದಾದ್ರೆ ನನ್ನ ತಲೆ ಮೇಲೆ ಒಡೀರಿ, ದೊಡ್ಡಪ್ಪಾ!”