ಶನಿವಾರದ ಮಾಹಿತಿ

ದುರುಗಣ್ಣನ ಹೆಸರನ್ನು ನಾನು ಮೊದಲ ಸಲ ಪೊಲೀಸ್ ಪುಸ್ತಕದಲ್ಲಿ ಬರೆದದ್ದು ಅವನದೇ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅವನೇ ತರಿಸಿಕೊಟ್ಟ ಚಹಾ ಕುಡಿಯುತ್ತ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ನಾನು ಶಂಭುಲಿಂಗ, ಹೆಡ್ ಕಾನ್‌ಸ್ಟೇಬಲ್. ಪಾಪಿನಾಯಕನಹಳ್ಳಿ, ಗಾದಿಗನೂರು ಕಡೆಯ ಬೀಟ್ ಹನ್ನೆರಡು ವರ್ಷದಿಂದ ನನ್ನದು. ಬೀಟ್ ಎಂದರೆ ಊರೂರು ಸುತ್ತಿ ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು. ಪುಸ್ತಕದ ಕೊನೆಯಲ್ಲಿ ‘ಮಾಹಿತಿ’ ಅಂತ ಒಂದು ಕಾಲಂ. ಶನಿವಾರ ಅದು ಖಾಲಿ ಇದ್ದರೆ ಆಗಿನ ಸಾಹೇಬರು ನಮ್ಮ ಅಪ್ಪ ಅಜ್ಜನ ತನಕ ಎಲ್ಲರನ್ನೂ ಎಳೆದು ತರುತ್ತಿದ್ದರು.

“ನಿನ್ನ ಬೀಟ್ನ್ಯಾಗ ಒಬ್ಬನೂ ಕಳ್ಳ ಇಲ್ಲೇನಲೇ? ಹಂಗಾದ್ರ ನೀ ಯಾಕ ಬೇಕು ಸರ್ಕಾರಕ್ಕ?”

ಹಾಗಾಗಿ ಏನೂ ನಡೆಯದ ವಾರಗಳಲ್ಲಿ ಎಲ್ಲ ಬೀಟಿನವರೂ ಯಾರದೋ ಒಂದು ಹೆಸರು ಬರೆದು ಕಾಲಂ ತುಂಬಿಸುತ್ತಿದ್ದರು. ನನ್ನ ಕೈಗೆ ಸಿಕ್ಕವನು ದುರುಗಣ್ಣ. ಕ್ರಾಸಿನಲ್ಲಿ ಅವನದು ಪಂಕ್ಚರ್ ಅಂಗಡಿ. ಸಂಡೂರಿನಿಂದ ಬರುವ ಅದಿರಿನ ಲಾರಿಗಳು ಅಲ್ಲಿ ನಿಲ್ಲುತ್ತವೆ, ಆಂಧ್ರದವರು, ಮಹಾರಾಷ್ಟ್ರದವರು ಇಳಿಯುತ್ತಾರೆ. ಬರೆದರೆ ನಂಬುವಂತಿತ್ತು.

“ಈ ವಾರ ನಿನ್ನ ಹೆಸರು ಹಾಕ್ತೀನಿ ನೋಡಲೇ,” ಅಂದೆ.

“ಹಾಕ್ರಿ ಸಾಹೇಬ್ರ. ರೇಷನ್ ಕಾರ್ಡ್ ಬಿಟ್ರ ನನ್ನ ಹೆಸರು ಇನ್ನೆಲ್ಲೈತಿ?”

‘ಸದರಿ ದುರುಗಣ್ಣನ ಅಂಗಡಿಗೆ ಹೊರರಾಜ್ಯದ ಅಪರಿಚಿತರು ಬಂದು ಹೋಗುತ್ತಿದ್ದು, ಓಡಾಟ ಸಂಶಯಾಸ್ಪದವಾಗಿರುತ್ತದೆ. ನಿಗಾ ಇಡಲಾಗಿದೆ.’ ಓದಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕೆಲವು ಶನಿವಾರ ಅವನೇ ನೆನಪಿಸುತ್ತಿದ್ದ, ನಂದು ಬರದ್ರೇನ್ರಿ ಅಂತ.

ಅದೇ ಕ್ರಾಸಿನಲ್ಲಿ ಕೊಟ್ರಬಸಪ್ಪನವರ ರೈಸ್ ಮಿಲ್ ಇದೆ. ಅಲ್ಲಿಗೂ ಲಾರಿ ಬರುತ್ತವೆ, ಅಲ್ಲೂ ಅಪರಿಚಿತರು ಇಳಿಯುತ್ತಾರೆ. ಅವರ ಹೆಸರು ಮಾತ್ರ ಒಮ್ಮೆಯೂ ನನ್ನ ಪೆನ್ನಿಗೆ ಬರಲಿಲ್ಲ. ಅವರು ನಮ್ಮ ಜನ, ಮದುವೆಗೆ ಕರೆಯುವವರು. ದುರುಗಣ್ಣ ಊರಾಚೆಯ ಕೇರಿಯವನು. ಬೇಕೆಂದೇ ಹಾಗೆ ಮಾಡಿದೆನೇ ಎಂದು ಕೇಳಿದರೆ ಇಲ್ಲ ಅನ್ನುತ್ತೇನೆ. ಬೇಕೆಂದು ಮಾಡುವಷ್ಟು ಯೋಚನೆಯನ್ನೂ ನಾನು ಮಾಡಿರಲಿಲ್ಲ, ಅಷ್ಟೇ.

ಆ ಪುಸ್ತಕಗಳನ್ನು ಗೆದ್ದಲು ತಿಂದಿದ್ದರೆ ಎಷ್ಟು ಚೆನ್ನಾಗಿತ್ತು! ಮೂರು ವರ್ಷದ ಕೆಳಗೆ ಮೊಬೈಲಿನಲ್ಲಿ ಬೀಟ್ ಆ್ಯಪ್ ಬಂತು. ಹಳೆಯ ಪುಸ್ತಕಗಳನ್ನೆಲ್ಲ ಜೀಪಿಗೆ ಹೇರಿ ಹೊಸಪೇಟೆಗೆ ಕಳಿಸಿದೆವು. ಗುತ್ತಿಗೆಯ ಹುಡುಗಿಯರು ಒಂದು ಸಾಲೂ ಬಿಡದೆ ಕಂಪ್ಯೂಟರಿಗೆ ಏರಿಸಿದರು. “ಇನ್ನು ಮುಂದೆ ಕಂಪ್ಲಿಯಲ್ಲಿ ಬರೆದದ್ದನ್ನು ಬೇರೆ ರಾಜ್ಯದ ಪೊಲೀಸರೂ ಕೂತಲ್ಲೇ ಓದಬಹುದು,” ಎಂದು ತರಬೇತಿಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದೆ.

ಆ್ಯಪ್ ನಮ್ಮ ಹಳೆಯ ಸಾಹೇಬರಿಗಿಂತ ಜಿಗುಟು. ಹೆಸರು ಹಾಕದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಕೈ ರೂಢಿಯ ಮೇಲೆ ದುರುಗಣ್ಣ ಎಂದು ಒತ್ತಿತು. ಫೋಟೋ ಕೇಳಿತು. ಅವನು ತಲೆಗೂದಲಿಗೆ ನೀರು ಸವರಿಕೊಂಡು ಅಂಗಿಯ ಗುಂಡಿ ಹಾಕಿಕೊಂಡು ನಿಂತ. ನಾನೇ ತೆಗೆದೆ.

ದುರುಗಣ್ಣನಿಗೆ ಒಬ್ಬಳೇ ಮಗಳು, ಸುಧಾರಾಣಿ. ಪೊಲೀಸ್ ಆಗಬೇಕೆಂದು ಚಿಕ್ಕಂದಿನಿಂದ ಹಟ, ನನ್ನ ಯೂನಿಫಾರ್ಮ್ ನೋಡಿಯೇ ಬಂದದ್ದು. ಬೆಳಿಗ್ಗೆ ರಸ್ತೆ ಪಕ್ಕ ಓಡುತ್ತಿದ್ದಳು, ನಾನು ಬೈಕಿನ ಮೇಲೆ ಕೂತು ಟೈಮ್ ನೋಡುತ್ತಿದ್ದೆ. ಎರಡು ಸಲ ತಪ್ಪಿತು. ಮೂರನೇ ಸಲ, ವಯಸ್ಸು ಮೀರುವ ಕೊನೆಯ ವರ್ಷದಲ್ಲಿ, ಕೇಂದ್ರದ ಭದ್ರತಾ ಪಡೆಗೆ ಆಯ್ಕೆಯಾದಳು. ನಡತೆ ಪರಿಶೀಲನೆಯ ಕಾಗದ ನನ್ನ ಬೀಟಿಗೇ ಬಂತು. ‘ನಡತೆ ಅತ್ಯುತ್ತಮ’ ಎಂದು ಬರೆಯುವಾಗ ನನ್ನ ಸ್ವಂತ ಮಗಳೇ ಪಾಸಾದಷ್ಟು ಖುಷಿ. ದುರುಗಣ್ಣ ಠಾಣೆಗೆಲ್ಲ ಮಂಡಕ್ಕಿ ಮಿರ್ಚಿ ಹಂಚಿದ.

ಆ ಕಾಗದ ಕಳಿಸಿದ ಇಪ್ಪತ್ತನೇ ದಿನ ಇನ್ಸ್‌ಪೆಕ್ಟರ್ ಗಂಗಾಂಬಿಕಾ ಮೇಡಂ ಒಳಗೆ ಕರೆದು ಕಂಪ್ಯೂಟರ್ ಪರದೆ ತೋರಿಸಿದರು. ನಾನು ತೆಗೆದ ಅದೇ ಫೋಟೋ, ಸುತ್ತ ಕೆಂಪು ಗೆರೆ. ತಂದೆಯ ಮೇಲೆ ಹನ್ನೆರಡು ವರ್ಷಗಳಲ್ಲಿ ಎಂಬತ್ತೇಳು ಗುಪ್ತ ಮಾಹಿತಿ. ಮೂರು ರಾಜ್ಯಗಳ ನಿಗಾ ಪಟ್ಟಿಯಲ್ಲಿ ಹೆಸರು. ಮಗಳ ನೇಮಕಾತಿಗೆ ಶಿಫಾರಸು ಇಲ್ಲ. ಮೇಲ್ಮನವಿಗೆ ಮೂವತ್ತು ದಿನ.

“ಮೇಡಂ, ಇದು ಸುಳ್ಳು.”

“ಯಾವ್ದು?”

“ಎಂಬತ್ತೇಳೂ. ಕಾಲಂ ತುಂಬ್ಸಾಕ ನಾನ ಬರ್ದಿದ್ದು.”

ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ಇದನ್ನ ಇನ್ನೊಂದ್ಸಲ ಬಾಯಿಬಿಟ್ಟು ಹೇಳಬ್ಯಾಡ್ರಿ. ನಿಮ್ಮ ರಿಟೈರ್ಮೆಂಟಿಗೆ ನಾಕು ತಿಂಗ್ಳೈತಿ.”

“ಅಳಿಸಾಕ ಬರಂಗಿಲ್ಲೇನ್ರಿ?”

“ಸೇರ್ಸಾಕ ಬರ್ತೈತಿ. ಅಳಿಸೋದು ನನ್ನ ಕೈಯಾಗಿಲ್ಲ. ನನ್ನ ಮ್ಯಾಲಿನೋರ ಕೈಯಾಗೂ ಇಲ್ಲ. ಮೂರು ರಾಜ್ಯಕ್ಕ ಹೋಗ್ಯಾವು, ಯಾರ್ಯಾರು ಇಳಿಸ್ಕೊಂಡಾರೋ ಏನೋ.”

ನಾನು ಬಾಯಿ ಮುಚ್ಚಿಕೊಂಡೆ. ಒಂದು ದಿನವಲ್ಲ, ಹದಿನೆಂಟು ದಿನ. ಹೇಡಿ ಅನ್ನಿ, ಒಪ್ಪುತ್ತೇನೆ.

ತಿರಸ್ಕಾರದ ಕಾಗದ ಹಿಡಿದು ಸುಧಾರಾಣಿ ನಮ್ಮ ಮನೆಗೇ ಬಂದಳು. ಕುಂದ್ರು ಅಂದರೂ ಕೂರಲಿಲ್ಲ.

“ಅಂಕಲ್, ನಮ್ಮಪ್ಪ ಏನ್ ಮಾಡ್ಯಾನ?”

“ಏನೂ ಮಾಡಿಲ್ಲವ್ವ.”

“ಎಂಬತ್ತೇಳು ಸಲ ಪೊಲೀಸ್ನೋರು ಸುಮ್ನ ಬರೀತಾರೇನು? ಮೂರು ರಾಜ್ಯದೋರು ಸುಳ್ಳು ಹೇಳ್ತಾರೇನು? ಅಪ್ಪನ್ನ ಕೇಳಿದ್ರ ತಲಿ ಬಗ್ಗಿಸ್ಕೊಂಡು ಕುಂದ್ರತಾನ. ಆಂಧ್ರದ ಲಾರಿಯೋರ ಜೊತಿ ಅವ್ನಿಗೆ ಏನೋ ವ್ಯವಹಾರ ಐತಿ. ನಿಮಗೂ ಹೇಳಿಲ್ಲೇನು?”

ನಾನ ಬರ್ದಿದ್ದವ್ವ ಅನ್ನಬೇಕಿತ್ತು. ಚಹಾ ಕುಡೀತಿಯೇನವ್ವ ಅಂದೆ. ಅವಳು ಹೋಗಿ ಅಪ್ಪನ ಜೊತೆ ಮಾತು ಬಿಟ್ಟಳು. ಅವನು ಮುಟ್ಟಿದ ತಟ್ಟೆಯನ್ನು ತಾನು ಮುಟ್ಟದಷ್ಟು ಸಿಟ್ಟು.

ಹತ್ತೊಂಬತ್ತನೇ ದಿನ ಅಂಗಡಿಗೆ ಹೋಗಿ ದುರುಗಣ್ಣನ ಮೇಲೆಯೇ ರೇಗಿದೆ. ನನ್ನ ಸಿಟ್ಟು ಯಾವಾಗಲೂ ತಪ್ಪು ವಿಳಾಸಕ್ಕೇ ಹೋಗುತ್ತದೆ.

“ನಿನಗ ಗೊತ್ತೈತಲ್ಲಲೇ ಬರ್ದೋನು ಯಾರಂತ! ಮಗಳಿಗೆ ಯಾಕ ಹೇಳ್ಲಿಲ್ಲ?”

ಅವನು ಟ್ಯೂಬಿಗೆ ಪ್ಯಾಚ್ ಉಜ್ಜುತ್ತಲೇ ಇದ್ದ. “ಹೇಳಿದ್ರ ಅಕಿ ಮ್ಯಾಲಿನೋರಿಗೆ ಬರೆದು ಕೊಡ್ತಾಳ್ರಿ. ನಿಮ್ಮ ಪಿಂಚಣಿ ಹೋಗ್ತೈತಿ. ನಾಕು ತಿಂಗ್ಳು ಕಳೀಲಿ ಅಂತ ಸುಮ್ನದೀನಿ ಸಾಹೇಬ್ರ.”

ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಅಲ್ಲೇ ಕೂತು ತಪ್ಪೊಪ್ಪಿಗೆ ಬರೆದೆ. ಎಂಬತ್ತೇಳು ಮಾಹಿತಿಯೂ ನನ್ನ ಕಲ್ಪನೆ, ದುರುಗಣ್ಣ ನಿರಪರಾಧಿ, ಶಿಕ್ಷೆ ನನಗೆ ಕೊಡಿ. ಸುಧಾರಾಣಿಯನ್ನು ಕರೆಸಿ ಓದಿ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ, ಅಪ್ಪನ ಮಸಿ ಮೆತ್ತಿದ ಕೈಗಳನ್ನೇ ನೋಡುತ್ತ ನಿಂತಳು. ಅವತ್ತೇ ಮೇಲ್ಮನವಿಯ ಜೊತೆ ಕಾಗದ ಹೋಯಿತು. ಮೇಡಂ ಈ ಸಲ ತಡೆಯದೆ ಸಹಿ ಹಾಕಿದರು.

ಮೂವತ್ತು ದಿನದ ಗಡುವಿನ ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. ಸದರಿ ಹೆಡ್ ಕಾನ್‌ಸ್ಟೇಬಲ್‌ನ ಮೊಬೈಲ್ ಮೂರು ವರ್ಷಗಳಿಂದ ಬಹುತೇಕ ಪ್ರತಿ ಶನಿವಾರ ಸದರಿ ಅಂಗಡಿಯಲ್ಲೇ ಇದ್ದುದು ದಾಖಲೆಯಿಂದ ಕಂಡುಬಂದಿದೆ. ಇಬ್ಬರ ನಡುವೆ ನಿಕಟ ಒಡನಾಟ ಇರುವುದರಿಂದ ಹೇಳಿಕೆಯನ್ನು ನಂಬಲಾಗುವುದಿಲ್ಲ. ನಾನು ಕುಡಿದ ಚಹಾ ಅಷ್ಟೂ ಸಾಕ್ಷಿಯಾಗಿ ಎದ್ದು ನಿಂತಿತ್ತು. ತಪ್ಪೊಪ್ಪಿಗೆಯನ್ನು ದುರುಗಣ್ಣನ ಹೆಸರಿನ ಕೆಳಗೆ ಎಂಬತ್ತೆಂಟನೆಯ ಮಾಹಿತಿಯಾಗಿ ಸೇರಿಸಿದ್ದರು. ನನ್ನ ಮೇಲೆ ವಿಚಾರಣೆ, ಅದು ಮುಗಿಯುವ ತನಕ ಬೀಟ್ ಕೆಲಸ ಮುಂದುವರಿಸತಕ್ಕದ್ದು. ಮೇಲ್ಮನವಿ ವಜಾ.

ಮುಂದಿನ ಶನಿವಾರ ಬೆಳಿಗ್ಗೆ ಆ್ಯಪ್ ತಾನೇ ಒಂದು ಹೆಸರು ಕೊಟ್ಟಿತು. ಸುಧಾರಾಣಿ, ತಂದೆ ದುರುಗಣ್ಣ. ಸಂಬಂಧಿತ ವ್ಯಕ್ತಿ. ಇರುವ ಸ್ಥಳ ಖಚಿತಪಡಿಸಿ.

ಹೋದೆ. ಅಪ್ಪ ಮಗಳು ಇಬ್ಬರೂ ಅಂಗಡಿಯಲ್ಲಿದ್ದರು. ಅವಳು ಓಡಲು ಹಾಕುತ್ತಿದ್ದ ಬೂಟಿನಲ್ಲೇ ಕುಕ್ಕರುಗಾಲಲ್ಲಿ ಕೂತು, ನೀರಿನ ತೊಟ್ಟಿಯಲ್ಲಿ ಟ್ಯೂಬ್ ಅದ್ದಿ ಗಾಳಿಯ ಗುಳ್ಳೆ ಹುಡುಕುತ್ತಿದ್ದಳು. ನನ್ನ ಕೈಯಲ್ಲಿನ ಮೊಬೈಲ್ ನೋಡಿದಳು.

“ಕುಂದ್ರಿ ಸರ್.”

ಹನ್ನೆರಡು ವರ್ಷ ಅಂಕಲ್ ಅಂದವಳು.

“ನನ್ನ ಹೆಸರು ಬಂತೇನ್ರಿ?”

ಹೌದೆಂದು ತಲೆಯಾಡಿಸಿದೆ. ದುರುಗಣ್ಣ ಪಕ್ಕದ ಹೋಟೆಲಿಗೆ ಮೂರು ಬೆರಳು ತೋರಿಸಿ ಚಹಾ ಹೇಳಿದ.

“ಬರ್ಕಳ್ರಿ ಸರ್,” ಅಂದಳು ಸುಧಾರಾಣಿ. “ಇಲ್ಲೇ ಅದಾಳ. ಎಲ್ಲಿಗೂ ಹೋಗಿಲ್ಲ. ಇನ್ನ ಎಲ್ಲಿಗೂ ಹೋಗಂಗಿಲ್ಲ.”

ಹಾಗೇ ಬರೆದೆ. ಆ ಮನೆಯವರ ಬಗ್ಗೆ ಹನ್ನೆರಡು ವರ್ಷದಲ್ಲಿ ‘ಮಾಹಿತಿ’ ಕಾಲಂನಲ್ಲಿ ನಾನು ಬರೆದ ಮೊದಲ ನಿಜ ಅದು.